ಸೀತಾಳ ಸಿಡುಬಿನ ಕೋಣೆ

ಅಕ್ಕೋರು ತೀರಿಕೊಂಡ ನಾಲ್ಕನೆಯ ದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸಂತಾಪ ಸಭೆ ನಡೆಯಿತು. ಹಿಂದಿನ ದಿನ ಪ್ರಾಚಾರ್ಯರು ನನಗೆ ಫೋನ್ ಮಾಡಿ, "ಕುಲಕರ್ಣಿ ಸಾಹೇಬ, ನೀವು ರಿಟೈರಾದರೇನು, ಸಂತಾಪದ ಠರಾವು ಮಾತ್ರ ನೀವೇ ಬರೆದುಕೊಡಬೇಕು" ಎಂದು ಮರಾಠಿಯಲ್ಲಿ ಕೇಳಿಕೊಂಡರು. ನಾನು ಆ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದವನು. ಅರ್ಜಿ, ಠರಾವು, ವಿದ್ಯಾಪೀಠಕ್ಕೆ ಪತ್ರ, ಏನೇ ಇದ್ದರೂ ನನ್ನ ಮೇಜಿಗೆ ಬರುತ್ತಿತ್ತು. ಬರೆಯುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬವೂ ನನಗಿತ್ತು. ಈ ಸಲ ಮಾತ್ರ ಕಣ್ಣಿಗೆ ಪೊರೆ ಬಂದಿದೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಅವರ ವಿಷಯದಲ್ಲಿ ನಾನು ಒಮ್ಮೆ ಬರೆದದ್ದೇ ಸಾಕಾಗಿತ್ತು.

ಸಭೆಯಲ್ಲಿ ಮೂವರು ಮಾತಾಡಿದರು. ಮೂವರೂ ಅವರನ್ನು ಶಿಸ್ತಿನ ಪ್ರಾಧ್ಯಾಪಕಿ ಎಂದರು. ಎರಡು ನಿಮಿಷದ ಮೌನ ಒಂದೂವರೆ ನಿಮಿಷಕ್ಕೆ ಮುಗಿದು ಚಹಾ ಬಂತು. ಸಿಡುಬಿನ ಕೋಣೆಯ ಮಾತನ್ನು ಯಾರೂ ಎತ್ತಲಿಲ್ಲ. ಒಂದು ಕಾಲಕ್ಕೆ ಅದು ದೊಡ್ಡ ಗದ್ದಲವಾಗಿತ್ತು, ಆದರೆ ಅದನ್ನು ಬಲ್ಲವರೆಲ್ಲ ಹೊರಟುಹೋಗಿದ್ದರು. ಉಳಿದವನು ನಾನೊಬ್ಬ, ನಾನು ಚಹಾ ಕುಡಿದು ಎದ್ದುಬಂದೆ.

ನಾನು ಅವರನ್ನು ಅಕ್ಕೋರು ಎನ್ನುತ್ತಿದ್ದೆ. ನಮ್ಮ ಕಡೆ ಕನ್ನಡ ಶಾಲೆಯ ಟೀಚರಿಗೆ ಹಾಗೆನ್ನುತ್ತಾರೆ. ಡಿಗ್ರಿ ಕಾಲೇಜಿನಲ್ಲಿ ಗಣಿತ ಕಲಿಸುವವರಿಗೆ ಅದು ಕೊಂಚ ಕಡಿಮೆಯೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅವರು ಫೋನಿನಲ್ಲಿ ಯಾರನ್ನೋ ಕನ್ನಡದಲ್ಲಿ ಬಯ್ಯುವುದನ್ನು ಕೇಳಿ, ಬಾಯಿ ತಪ್ಪಿ "ಅಕ್ಕೋರ" ಎಂದುಬಿಟ್ಟೆ. ಫೋನ್ ಕೆಳಗಿಟ್ಟು ತಿರುಗಿ ನೋಡಿ, "ಯಾವೂರ್ರಿ ನಿಮ್ದು? ನಾ ನಿಮ್ಮನ್ನ ಮರಾಠಿಯವ್ರು ಅಂದ್ಕೊಂಡಿದ್ದೆ" ಎಂದರು. ಕುಲಕರ್ಣಿ ಎಂಬ ಅಡ್ಡಹೆಸರಿನವನನ್ನು ನಾಗಪುರದಲ್ಲಿ ಬೇರೆ ಏನೆಂದುಕೊಂಡಾರು. ಅವರದು ಗದಗ, ನನ್ನದು ವಿಜಾಪುರದ ಕಡೆ. ಅವರ ಯಜಮಾನರು ಕೇಂದ್ರ ಸರ್ಕಾರದ ನೌಕರಿಯಲ್ಲಿ ವರ್ಗವಾಗಿ ಬಂದವರು. ಧರಮಪೇಠದಲ್ಲಿ ಎರಡನೆಯ ಮಹಡಿಯ ಬಾಡಿಗೆ ಮನೆ. ಮಕ್ಕಳಿರಲಿಲ್ಲ.

ಇಡೀ ಕಾಲೇಜಿನಲ್ಲಿ ಕನ್ನಡ ನಮ್ಮಿಬ್ಬರದೇ. ನನ್ನ ಕೌಂಟರಿನ ಕಿಟಕಿಯಲ್ಲಿ ನಿಂತು ಹತ್ತು ಜನರ ಎದುರಿಗೆ ಪ್ರಾಚಾರ್ಯರನ್ನು ಬಯ್ದರೂ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ನನ್ನ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದ ಕಾಲ ಅದು. ಕಿಟಕಿಯ ಆ ಐದು ನಿಮಿಷದಲ್ಲಿ ನನಗೆ ಹೊಟ್ಟೆ ತುಂಬುತ್ತಿತ್ತು.

ಹಾಗೆಂದು ಅವರೇನು ಪ್ರೀತಿ ಹುಟ್ಟಿಸುವ ಹೆಂಗಸಲ್ಲ. ಡಬ್ಬಿಯ ಊಟ ಯಾರೊಂದಿಗೂ ಹಂಚಿಕೊಳ್ಳುತ್ತಿರಲಿಲ್ಲ. ಮದುವೆ ಮುಂಜಿಗೆ ಕರೆದರೆ ಬರುತ್ತಿರಲಿಲ್ಲ. ಯಾರು ಏನು ಹೇಳಿಕೊಂಡರೂ ಪೂರ್ತಿ ಕೇಳಿ, ಕೊನೆಗೆ "ಆತು. ಮುಂದ?" ಎನ್ನುತ್ತಿದ್ದರು. ನನ್ನ ತಂದೆ ಹೋಗಿ ನಾನು ಊರಿಂದ ತಿರುಗಿ ಬಂದ ದಿನ ಹತ್ತು ನಿಮಿಷ ಅವರ ಮುಂದೆ ಅತ್ತಿದ್ದೆ. ಅದಕ್ಕೂ "ಆತು. ಮುಂದ?" ಎಂದರು. ಮೈ ಉರಿದುಹೋಯಿತು. "ಮುಂದೇನ್ರೀ, ಸುಟ್ಟು ಬಂದೆ" ಎಂದೆ. "ಅದಲ್ರಿ. ತಾಯಿನ್ನ ಅಲ್ಲೇ ಬಿಟ್ಟು ಬಂದೀರೇನು? ಯಾವಾಗ ಕರ್ಕೊಂಡ ಬರ್ತೀರಿ?" ಎಂದು ಕೇಳಿದಾಗಲೇ ನನಗೆ ಆ ಪ್ರಶ್ನೆಯ ಅರ್ಥವಾದದ್ದು. ಮುಂದೇನು ಎಂಬುದನ್ನು ಬಿಟ್ಟರೆ ಬೇರೆ ಯಾವುದರಲ್ಲೂ ಅವರಿಗೆ ಆಸಕ್ತಿಯಿರಲಿಲ್ಲ.

ಹಳೆಯ ಕನ್ನಡಕದ ಡಬ್ಬಿಯೊಂದರಲ್ಲಿ ಸೀಮೆಸುಣ್ಣ ತುಂಬಿಕೊಂಡು ತಿರುಗುತ್ತಿದ್ದರು. ಸೆರಗಿನ ಅಂಚು ಸದಾ ಬೆಳ್ಳಗೆ. ಪರೀಕ್ಷೆಯ ಮೇಲ್ವಿಚಾರಣೆಯನ್ನು ಉಳಿದ ಪ್ರಾಧ್ಯಾಪಕರು ತಲೆನೋವು ಎನ್ನುತ್ತಿದ್ದರೆ, ಇವರು ಮಾತ್ರ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಪ್ರಶ್ನೆಪತ್ರಿಕೆಯಲ್ಲಿ ಅಚ್ಚಿನ ತಪ್ಪಿದ್ದರೆ ಮೇಲ್ವಿಚಾರಕರು ಗಟ್ಟಿಯಾಗಿ ಓದಿ ತಿದ್ದಿಸಬಹುದು ಎಂದೊಂದು ನಿಯಮವಿತ್ತು. ಅಕ್ಕೋರು ಅದೊಂದನ್ನೇ ಹಿಡಿದುಕೊಂಡು ಇಡೀ ಪ್ರಶ್ನೆಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಎರಡೆರಡು ಸಲ ನಿಧಾನವಾಗಿ ಓದುತ್ತಿದ್ದರು. ತಪ್ಪು ಒಂದೂ ಇರುತ್ತಿರಲಿಲ್ಲ. ಹುಡುಗರು ಗೊಣಗುತ್ತಿದ್ದರು, ಪಕ್ಕದ ಹಾಲಿನವರು ನಗುತ್ತಿದ್ದರು. ಒಂದು ವರ್ಷ ನಾನೇ ಕೇಳಿದೆ. "ಮೂರನೇ ಸಾಲಿನಾಗ ಒಬ್ಬಾಂವ ಅದಾನ. ಕಿವಿಲೆ ಕೇಳಿದ್ರ ಎಂಥಾ ಲೆಕ್ಕಾನೂ ಬಿಡಸ್ತಾನ. ಅಕ್ಷರ ಕಂಡ್ರ ಬೆವರ್ತಾನ. ಅವನೊಬ್ಬಗ ಓದಿದ್ರ ತಪ್ಪು, ಎಲ್ಲಾರಿಗೂ ಓದಿದ್ರ ನಿಯಮ" ಎಂದರು. ಆ ಹುಡುಗ ಪಾಸಾಗಿ ಕಳಮೇಶ್ವರದ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದ. ಆ ಓದು ತನಗಾಗಿತ್ತೆಂದು ಅವನಿಗೆ ಇವತ್ತಿಗೂ ಗೊತ್ತಿರಲಾರದು.

ಇಂಥ ಮಕ್ಕಳನ್ನು ಏನೆಂದು ಕರೆಯಬೇಕು ಎಂಬುದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ತೊಂಬತ್ತರ ದಶಕದ ನಡುವಿನ ವರ್ಷಗಳು. ಸ್ಟಾಫ್ ರೂಮಿನಲ್ಲಿ ಅಂಥ ಮಕ್ಕಳಿಗೆ ಇದ್ದದ್ದು ಮೂರೇ ಹೆಸರು: ಸೋಮಾರಿ, ಹಟಮಾರಿ, ಅರೆಹುಚ್ಚ. ಅಕ್ಕೋರು ಮೂರನ್ನೂ ಬಳಸುತ್ತಿರಲಿಲ್ಲ, ನಾಲ್ಕನೆಯದನ್ನು ಹುಡುಕಲೂ ಇಲ್ಲ. ಅವರ ಮನೆಯಲ್ಲಿ ತಮ್ಮನೋ ತಂಗಿಯೋ ಇಂಥವರು ಇದ್ದಿರಬೇಕು, ಅದಕ್ಕೇ ಇಷ್ಟು ಕಳಕಳಿ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ನಾನೂ ಒಮ್ಮೆ ಕೇಳಿಯೇಬಿಟ್ಟೆ. "ಯಾಕ್ರಿ, ಮನ್ಯಾಗ ಇದ್ದರಷ್ಟ ತಿಳೀತೈತೇನು?" ಎಂದು ನನ್ನ ಮುಖವನ್ನೇ ನೋಡಿದರು. ನಾನು ತಲೆ ಬಗ್ಗಿಸಿ ರಿಜಿಸ್ಟರ್ ತಿರುವಿದೆ.

ಖಾಪರಖೇಡಾದ ಹುಡುಗಿ ಬಂದದ್ದು ಇಂಥ ಹೊತ್ತಿನಲ್ಲಿ. ಅಪ್ಪ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಫಿಟ್ಟರ್. ಬಿ.ಎಸ್‌ಸಿ. ಮೊದಲ ವರ್ಷಕ್ಕೆ ಸೇರಿದ್ದಳು. ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ನಡೆಯುವಾಗ ಗೋಡೆಗೆ ಒಂದು ಬೆರಳು ತಾಗಿಸಿಕೊಂಡೇ ಹೋಗುತ್ತಿದ್ದಳು. ಗಣಿತದ ತರಗತಿಯಲ್ಲಿ ಅಕ್ಕೋರು ಬೋರ್ಡಿನ ಮೇಲೆ ಅರ್ಧ ಬರೆಯುವಷ್ಟರಲ್ಲಿ ಇವಳ ವಹಿಯಲ್ಲಿ ಉತ್ತರ ಇರುತ್ತಿತ್ತಂತೆ. ಕಾಲೇಜಿನ ಎದುರಿಗಿನ ಗಾಡಿಯಲ್ಲಿ ನಾಗಪುರದವರೆಲ್ಲ ತಿನ್ನುವಂತೆ ಅವಲಕ್ಕಿಯ ಮೇಲೆ ತರ್ರಿ ಎಂಬ ಖಾರದ ಸಾರು ಸುರಿದು ಕೊಟ್ಟರೆ ತಟ್ಟೆ ಕೆಳಗಿಟ್ಟು ಹೋಗಿಬಿಡುತ್ತಿದ್ದಳು, ಒಂದಕ್ಕೊಂದು ತಾಗಬಾರದು. ಅಕ್ಕೋರು ಗಾಡಿಯವನಿಗೆ ಹೇಳಿ ತರ್ರಿಯನ್ನು ಬೇರೆ ಬಟ್ಟಲಲ್ಲಿ ಕೊಡಿಸತೊಡಗಿದರು. ಅವಳು ಅವಲಕ್ಕಿ ಪೂರ್ತಿ ತಿಂದು, ಆಮೇಲೆ ಬಟ್ಟಲನ್ನು ಎತ್ತಿ ಒಂದೇ ಗುಟುಕಿಗೆ ಕುಡಿಯುತ್ತಿದ್ದಳು. ಗಾಡಿಯವನು ನಗುತ್ತಿದ್ದ, ಅಕ್ಕೋರು ನಗುತ್ತಿರಲಿಲ್ಲ.

ನಮ್ಮ ವಾರ್ಷಿಕ ಪರೀಕ್ಷೆಗಳು ಏಪ್ರಿಲ್ ತಿಂಗಳಲ್ಲಿ. ನಾಗಪುರದ ಏಪ್ರಿಲ್ ಎಂದರೆ ಬೆಳಗಿನ ಹತ್ತಕ್ಕೇ ನೆತ್ತಿ ಕಾಯುತ್ತದೆ. ಹಾಲಿನ ಪ್ರತಿ ಕಿಟಕಿಗೂ ಒಂದೊಂದು ಕೂಲರ್, ಹುಲ್ಲಿನ ಪರದೆಯ ಮೇಲೆ ನೀರು ಸುರಿದು ಗಾಳಿ ಬೀಸುವ ತಗಡಿನ ಪೆಟ್ಟಿಗೆ. ಅದರ ಸಪ್ಪಳದಲ್ಲಿ ಪಕ್ಕದವನ ಮಾತು ಕೇಳಿಸದು. ಆದರೂ ಅದರ ಎದುರಿನ ಬೆಂಚಿಗಾಗಿ ಎಲ್ಲರೂ ಹಾತೊರೆಯುವವರೇ. ಮೊದಲ ಪೇಪರಿನ ದಿನ ಎಂಟು ಕೂಲರ್ ಒಟ್ಟಿಗೆ ಶುರುವಾದವು. ಹುಡುಗಿ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಕೂತಳು. ಎಬ್ಬಿಸಲು ಹೋದವರನ್ನು ಪರಚಿದಳು. ಹೊರಗೆ ಕಳಿಸಿರಿ ಎಂದು ಕೂಗಾಟವಾಯಿತು.

ಅಕ್ಕೋರು ಓಡಿಬಂದು ನನ್ನ ಕಿಟಕಿಯಲ್ಲಿ ನಿಂತು, "ಕುಲಕರ್ಣಿಯವರ, ಈಕಿಗೆ ಸೀತಾಳ ಸಿಡುಬು ಬಂದೈತಿ ಅಂತ ಬರೀರಿ, ಜಲ್ದಿ" ಎಂದರು.

ಬೇಸಗೆಯಲ್ಲಿ ಸೀತಾಳ ಸಿಡುಬು ಬಂದ ಮಕ್ಕಳಿಗಾಗಿ ಪ್ರತಿ ಕೇಂದ್ರದಲ್ಲೂ ಒಂದು ಬೇರೆ ಕೋಣೆ ಇಡುವ ರೂಢಿಯಿತ್ತು. ನಮ್ಮಲ್ಲಿ ಅದು ವರಾಂಡದ ತುದಿಯಲ್ಲಿದ್ದ ಸಾಮಾನಿನ ಕೋಣೆ. ರೋಗಿಷ್ಟರಿಗೆ ಯಾರು ಕೂಲರ್ ಹಾಕಿಸುತ್ತಾರೆ, ಅಲ್ಲಿ ಫ್ಯಾನೂ ಇರಲಿಲ್ಲ. ಮೇಲ್ವಿಚಾರಣೆಗೆ ಯಾರೂ ಒಪ್ಪುತ್ತಿರಲಿಲ್ಲ. ಆ ದಿನದಿಂದ ಅಕ್ಕೋರು ಒದ್ದೆ ಪಂಚೆಯೊಂದನ್ನು ತಲೆಯ ಮೇಲೆ ಹೊದ್ದು ಮೂರು ಗಂಟೆ ಅಲ್ಲಿ ಕೂರತೊಡಗಿದರು. ಹುಡುಗಿ ಗೋಡೆಗೆ ಮುಖ ಮಾಡಿ ಬರೆದಳು. ಪ್ರತಿ ಪರೀಕ್ಷೆಯ ಹಿಂದಿನ ಸಂಜೆ ಬೆಂಚುಗಳ ಮೇಲೆ ಸೀಮೆಸುಣ್ಣದಲ್ಲಿ ಸೀಟ್ ನಂಬರ್ ಬರೆಯುವುದು ಸಿಪಾಯಿಯ ಕೆಲಸ. ಆ ಕೋಣೆಯ ನಂಬರನ್ನು ಮಾತ್ರ ಅಕ್ಕೋರೇ ಬರೆಯುತ್ತಿದ್ದರು, ದಿನಾ ಅದೇ ಬೆಂಚು, ಅದೇ ಮೂಲೆ. "ಕೂಡಾಕ ಜಾಗಾ ಸಿಕ್ರ ಆಕಿ ಅರ್ಧಾ ಪಾಸ್ ಆದಂಗ" ಎನ್ನುತ್ತಿದ್ದರು.

ಎರಡನೆಯ ವರ್ಷವೂ ರಿಜಿಸ್ಟರಿನಲ್ಲಿ ಅವಳ ಸೀಟ್ ನಂಬರಿನ ಎದುರಿಗೆ ಸಿಡುಬು ಎಂದು ಬರೆದೆ. ಆ ವರ್ಷ ವಿದ್ಯಾಪೀಠದ ತಪಾಸಣೆ ತಂಡ ಬಂತು. ಸಿಡುಬಿನ ಕೋಣೆ ಎಂದೊಡನೆ ಮೂಗಿಗೆ ಕರ್ಚೀಫು ಹಿಡಿದು ಬಾಗಿಲಿಂದಲೇ ಇಣುಕಿ ಹೋಯಿತು. ಡಾಕ್ಟರ ಚೀಟಿ ಎಲ್ಲಿ ಎಂದು ಒಬ್ಬ ಕೇಳಿದ. ರೋಗಿ ಮುಟ್ಟಿದ ಚೀಟಿ, ತರಲೇನು ಎಂದೆ. ಬೇಡ ಎಂದ. ಚೀಟಿಯೇ ಇರಲಿಲ್ಲ. ಅಕ್ಕೋರು ಅದನ್ನು ಕೇಳಿ ನಕ್ಕದ್ದು ನನಗೆ ನೆನಪಿದೆ, ಅವರು ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ವರ್ಷ ಹುಡುಗಿಗೆ ಗಣಿತದಲ್ಲಿ ನೂರಕ್ಕೆ ತೊಂಬತ್ತನಾಲ್ಕು ಬಂತು.

ನಾನು ಮಾತ್ರ ತಪಾಸಣೆಯ ಆ ದಿನ ನಗುತ್ತ ಮನೆಗೆ ಹೋಗಿ ಊಟ ಮಾಡಲಾರದೆ ಕೂತಿದ್ದೆ. ಒಬ್ಬಳಿಗೇ ವರ್ಷ ವರ್ಷವೂ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಸೀತಾಳ ಸಿಡುಬು ಬರುತ್ತದೆಯೇ? ಎರಡು ವರ್ಷದ ರಿಜಿಸ್ಟರನ್ನು ಯಾರಾದರೂ ಅಕ್ಕಪಕ್ಕ ಇಟ್ಟು ನೋಡಿದರೆ ನನ್ನ ನೌಕರಿಯ ಗತಿಯೇನು? ಮೂರನೆಯ ವರ್ಷದ ದಸರೆ ಮುಗಿಯುತ್ತಲೇ ಅಕ್ಕೋರ ಬೆನ್ನು ಹತ್ತಿದೆ. "ಇದನ್ನ ಕಾಗದದ ಮ್ಯಾಲೆ ತರೋಣ್ರಿ. ವಿದ್ಯಾಪೀಠದ ಪರವಾನಗಿ ಬಂತಂದ್ರ ಯಾರಪ್ಪಂದೂ ಅಂಜಿಕಿ ಇಲ್ಲ."

"ಯಾರು ಎಣಸ್ತಾರ್ರೀ ಸಿಡುಬು? ಇನ್ನೊಂದ ವರ್ಷ. ಬರೀರಿ, ಮುಗೀತು."

"ಈಕಿದು ಮುಗೀತದ. ನಾಳೆ ನೀವು ರಿಟೈರ್ ಆಗ್ತೀರಿ. ಆಮ್ಯಾಲೆ ಬರೋ ಇಂಥಾ ಮಕ್ಕಳು ಎಲ್ಲಿ ಕೂಡಬೇಕು?"

ಅಂಜಿಕೆ ನನ್ನದಾಗಿತ್ತು, ಆದರೆ ಮುಂದಿಟ್ಟದ್ದು ಮಕ್ಕಳನ್ನು. ಮುಂದೇನು ಎಂಬ ಮಾತಿಗೆ ಅವರು ಸೋಲುತ್ತಾರೆಂದು ನನಗೆ ಗೊತ್ತಿತ್ತು. ಅವರು ಬಹಳ ಹೊತ್ತು ಕನ್ನಡಕದ ಡಬ್ಬಿಯನ್ನು ತೆಗೆದು ಮುಚ್ಚಿ ಮಾಡಿದರು. "ಆತು, ಬರೀರಿ" ಎಂದರು.

ಆ ಅರ್ಜಿಯ ಮೇಲೆ ನಾನು ನಾಲ್ಕು ದಿನ ಕೂತೆ. ಅಷ್ಟು ಚೆಂದದ ಅರ್ಜಿಯನ್ನು ನಾನು ಬೇರೆ ಬರೆದಿಲ್ಲ. ಸದರಿ ವಿದ್ಯಾರ್ಥಿನಿಯು ಮಾನಸಿಕ ತೊಂದರೆಯಿಂದ ಬಳಲುತ್ತಿರುವುದರಿಂದ ಎಂದು ಅದರಲ್ಲಿ ಒಂದು ಸಾಲಿತ್ತು. ಅಕ್ಕೋರು ಅಲ್ಲಿ ಬೆರಳಿಟ್ಟು, "ಬಳಲೋದು ಎಲ್ಲಿ ಬಂತ್ರಿ? ಆಕಿ ಎಲ್ಲಿ ಬಳಲ್ಯಾಳ? ಸಪ್ಪಳ ಆಗಿಬರೂದಿಲ್ಲ ಅಂತ ಬರೀರಿ, ಸಾಕು" ಎಂದರು.

"ಸಪ್ಪಳ ನನಗೂ ಆಗಿಬರೂದಿಲ್ರಿ ಅಕ್ಕೋರ. ಅಷ್ಟಕ್ಕ ಯಾವ ಫೈಲೂ ಮುಂದ ಸರಿಯೂದಿಲ್ಲ. ಕಾರಣ ಗಟ್ಟಿ ಇರಬೇಕು" ಎಂದೆ.

"ನೀವು ಕಾಗದದ ಮಂದಿ. ನಿಮಗ ಗೊತ್ತು" ಎಂದು ಸಹಿ ಹಾಕಿದರು.

ಫೈಲು ಸರಿಯಿತು. ಮಾನಸಿಕ ತೊಂದರೆಗೆ ಸರ್ಕಾರಿ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಲಗತ್ತಿಸಿ ಎಂದು ಉತ್ತರ ಬಂತು. ಅಕ್ಕೋರು ಮತ್ತು ಹುಡುಗಿಯ ಅಪ್ಪ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಾರ್ಚ್ ತಿಂಗಳು, ಡಾಕ್ಟರ ಕೋಣೆಯಲ್ಲೂ ಕೂಲರ್ ಇತ್ತು. ಅದನ್ನು ನಿಲ್ಲಿಸಿರಿ ಎಂದು ಅಕ್ಕೋರು ಕೇಳಿಕೊಂಡರೆ, ಸಾಲಿನಲ್ಲಿದ್ದ ನಲವತ್ತು ಜನ ಬೆಂದುಹೋಗಬೇಕೇ ಎಂದರಂತೆ. ದೇಶದ ಪ್ರಧಾನಿ ಯಾರು, ಇವತ್ತು ಯಾವ ವಾರ ಎಂದು ಡಾಕ್ಟರು ಕೇಳಿದರು. ಹುಡುಗಿ ಕಿವಿ ಮುಚ್ಚಿಕೊಂಡು ನೂರರಿಂದ ಹಿಂದಕ್ಕೆ ಎಣಿಸತೊಡಗಿದಳು. "ಡಾಕ್ಟರು ಕೆಟ್ಟವರಲ್ರಿ. ಅವರ ಫಾರ್ಮಿನ್ಯಾಗ ಎರಡ ಮನಿ ಇದ್ದವು, ಬುದ್ಧಿಮಾಂದ್ಯ ಇಲ್ಲಾ ಹುಚ್ಚು. ಅದರಾಗ ಸಣ್ಣದು ಯಾವುದೋ ಅದಕ್ಕ ಟಿಕ್ ಹಾಕಿದ್ರು" ಎಂದು ಅಕ್ಕೋರು ಬಂದು ಹೇಳಿದರು. ಕಾಲೇಜಿನಲ್ಲಿ ಅವರು ನನ್ನೊಡನೆ ಆಡಿದ ಕನ್ನಡದ ಮಾತು ಅದೇ ಕೊನೆ.

ಬುದ್ಧಿಮಾಂದ್ಯ ಹುಡುಗಿಗೆ ಗಣಿತದಲ್ಲಿ ತೊಂಬತ್ತನಾಲ್ಕು ಬರುವುದು ಹೇಗೆ ಎಂದು ವಿದ್ಯಾಪೀಠ ಕೇಳಿತು. ಯಾರೋ ಹೇಳಿಕೊಟ್ಟು ಬರೆಸಿರಬೇಕು ಎಂಬುದು ಅವರ ಅನುಮಾನ. ವಿಚಾರಣೆಗೆ ಬಂದವರು ಎರಡು ವರ್ಷದ ರಿಜಿಸ್ಟರನ್ನು ಅಕ್ಕಪಕ್ಕ ಇಟ್ಟು ನೋಡಿದರು. ಸಿಡುಬು ಎಂದು ಯಾರು ಬರೆಸಿದ್ದು ಎಂದು ಕೇಳಿದಾಗ ಅಕ್ಕೋರು "ನಾನು" ಎಂದರು. ಅಕ್ಷರ ನನ್ನದಾಗಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ನನಗೆ ಇಬ್ಬರು ಮಕ್ಕಳಿದ್ದರು ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಅದರಿಂದ ಏನೂ ಹಗುರಾಗಿಲ್ಲ. ಅಕ್ಕೋರನ್ನು ಪರೀಕ್ಷೆಯ ಕೆಲಸದಿಂದ ಕಾಯಂ ತೆಗೆದರು. ಹುಡುಗಿಯ ಎರಡು ವರ್ಷದ ಫಲಿತಾಂಶ ರದ್ದಾಯಿತು, ಹಾಲ್ ಟಿಕೆಟ್ ಬರಲಿಲ್ಲ.

ಆದರೂ ಮೊದಲ ಪೇಪರಿನ ದಿನ ಅವಳು ಬಂದಳು. ಮನೆಯವರು ಹೇಳಿರಲಿಲ್ಲವೋ, ಹೇಳಿದ್ದು ಅವಳ ಲೆಕ್ಕಕ್ಕೆ ಬಂದಿರಲಿಲ್ಲವೋ. ಗೋಡೆಗೆ ಬೆರಳು ತಾಗಿಸಿಕೊಂಡು ನೇರವಾಗಿ ಸಿಡುಬಿನ ಕೋಣೆಗೆ ಹೋಗಿ ಆ ಬೆಂಚಿನ ಪಕ್ಕ ನಿಂತಳು. ಕಳಿಸುವ ಕೆಲಸ ನನಗೆ ಬಂತು. "ಬೇಟಾ, ಈ ಸಲ ಇಲ್ಲ, ಮನೆಗೆ ಹೋಗು" ಎಂದು ಹಿಂದಿಯಲ್ಲಿ ಹೇಳಿದೆ. ಅವಳು ಬೆಂಚನ್ನೇ ನೋಡುತ್ತ, "ನಂಬರ್ ಲಿಖನಾ ಭೂಲ್ ಗಯೇ" ಎಂದಳು. ನಂಬರ್ ಬರೆಯುವುದನ್ನು ಮರೆತಿದ್ದೀರಿ. ಬಯ್ಗುಳವಲ್ಲ, ನನಗೆ ನೆನಪು ಮಾಡಿಕೊಟ್ಟದ್ದು ಅಷ್ಟೆ. ಅಪ್ಪ ಬಂದು ಕರೆದೊಯ್ಯುವವರೆಗೆ, ಮೂರು ಗಂಟೆ, ಕೂರದೆ ನಿಂತಿದ್ದಳು. ಮುಂದೆ ಅವಳಿಗೆ ಕಾಲೇಜು ಇರಲಿಲ್ಲ.

ಮರುದಿನ ಅಕ್ಕೋರು ನನ್ನ ಕಿಟಕಿಗೆ ಬಂದರು. ಬಯ್ಯುತ್ತಾರೆ, ಬಯ್ದರೆ ಸಾಕು ಎಂದು ಎದ್ದು ನಿಂತೆ. "ಕುಲಕರ್ಣಿ ಸಾಹೇಬ, ಪಗಾರ್ ಪತ್ರಕ ಆಲಂ ಕಾ?" ಎಂದರು. ಸಂಬಳದ ಪಟ್ಟಿ ಬಂತೇ ಎಂದು ಮರಾಠಿಯಲ್ಲಿ, ಎಲ್ಲರೂ ಕೇಳುವ ಹಾಗೆ. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಅವರು ಮರಾಠಿಯಲ್ಲೇ ಧನ್ಯವಾದ ಹೇಳಿ ಹೋದರು. ಅವರ ನಿವೃತ್ತಿಯವರೆಗಿನ ಎರಡು ವರ್ಷವೂ ಹಾಗೆಯೇ ನಡೆಯಿತು. ಆಮೇಲೆ ಧರಮಪೇಠದ ತರಕಾರಿ ಅಂಗಡಿಗಳಲ್ಲಿ ಎದುರಾದಾಗಲೂ ಅದೇ, ನಗುತ್ತ, ಮರ್ಯಾದೆಯಿಂದ, ಮರಾಠಿ. ಬೇರೆ ಯಾವ ಶಿಕ್ಷೆಯನ್ನಾದರೂ ನಾನು ತಡೆದುಕೊಳ್ಳುತ್ತಿದ್ದೆ.

ಒಮ್ಮೆ ಖಾಪರಖೇಡಾಕ್ಕೆ ಹೋಗಿದ್ದೆ. ಕ್ವಾರ್ಟರ್ಸಿನ ಬಾಗಿಲಲ್ಲಿ ಹುಡುಗಿಯ ತಾಯಿ ನಿಂತಿದ್ದರು, ಒಳಗೆ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ. ಏಪ್ರಿಲ್ ಬಂತೆಂದರೆ ಕಂಪಾಸಿನ ಡಬ್ಬಿ ಹಿಡಿದು ಬಸ್ಸಿನ ಸ್ಟಾಪಿಗೆ ಹೋಗುತ್ತಾಳೆ, ಮೊದಲು ತಡೆಯುತ್ತಿದ್ದೆವು, ಈಗ ಬಿಟ್ಟಿದ್ದೇವೆ, ಊಟದ ಹೊತ್ತಿಗೆ ತಾನೇ ಬರುತ್ತಾಳೆ ಎಂದರು. ಮತ್ತೊಮ್ಮೆ ಅಲ್ಲಿಗೆ ಹೋಗುವ ಧೈರ್ಯ ನನಗಾಗಲಿಲ್ಲ. ನನ್ನ ನಿವೃತ್ತಿಗೆ ಮುಂಚೆ ಪರೀಕ್ಷೆಯ ಫಾರ್ಮಿನಲ್ಲಿ ಇಂಥ ಮಕ್ಕಳಿಗೆಂದೇ ಒಂದು ಹೊಸ ಕಾಲಂ ಬಂತು, ಅದರಲ್ಲಿ ಅವರಿಗೊಂದು ಹೆಸರೂ ಇತ್ತು. ನಾನಿದ್ದಷ್ಟು ದಿನ ಅದನ್ನು ತುಂಬಿದವರು ಯಾರೂ ಇಲ್ಲ. ಪ್ರಮಾಣಪತ್ರ ಲಗತ್ತಿಸಿ ಎಂದು ಕೆಳಗೆ ಬರೆದಿತ್ತು.

ಹೋದ ತಿಂಗಳು ಅಕ್ಕೋರ ಯಜಮಾನರು ಫೋನ್ ಮಾಡಿದರು. ಅಕ್ಕೋರಿಗೆ ಲಕ್ವಾ ಹೊಡೆದು ಆಸ್ಪತ್ರೆಯಲ್ಲಿ ಇಟ್ಟಿದ್ದರು. "ಆಕಿ ಮರಾಠಿ ಪೂರಾ ಮರತಾಳ್ರಿ. ಬರೇ ಕನ್ನಡ. ನರ್ಸಿಗೆ ಏನೂ ತಿಳೀವಲ್ದು. ನನಗೊಬ್ಬಗ ನೀಗೂದಿಲ್ಲ, ನೀವು ಸ್ವಲ್ಪ ಬರ್ರಿ" ಎಂದರು. ನಾಚಿಕೆಗೆಟ್ಟ ಮನಸ್ಸು ನನ್ನದು, ಆಟೋದಲ್ಲಿ ಕೂತಾಗ ನನಗೆ ಸಂತೋಷವಾಗಿತ್ತು.

ವಾರ್ಡಿನಲ್ಲಿ ಕೂಲರ್ ಹೊಡೆದುಕೊಳ್ಳುತ್ತಿತ್ತು. ಅವರು ಸಣ್ಣಗಾಗಿದ್ದರು, ಬಾಯಿ ಒಂದು ಕಡೆಗೆ ಎಳೆದಿತ್ತು. ನಾನು ಹತ್ತಿರ ಕೂತು "ಅಕ್ಕೋರ" ಎಂದೆ. ಕಣ್ಣು ತೆರೆದು ನನ್ನನ್ನು ಗುರುತಿಸಿದರು, ಅದರಲ್ಲಿ ಅನುಮಾನವಿಲ್ಲ.

"ಕುಲಕರ್ಣಿಯವರ, ಛಲೋ ಆತು ಬಂದ್ರಿ" ಎಂದರು. ಇಷ್ಟು ವರ್ಷಗಳ ಮೇಲೆ, ಕನ್ನಡದಲ್ಲಿ. ಕ್ಷಮಿಸಿದರು ಎಂದುಕೊಂಡೆ. ಅವರು ನನ್ನ ಮಣಿಕಟ್ಟು ಹಿಡಿದು ಹತ್ತಿರ ಎಳೆದುಕೊಂಡರು.

"ಈ ಹುಡುಗೀದು ಮೂರನೇ ವರ್ಷ ಐತಿ. ಅರ್ಜಿ ಗಿರ್ಜಿ ಬರೀಬ್ಯಾಡ್ರಿ. ಸಿಡುಬು ಅಂತನ ಬರೀರಿ."

"ಬರೀತೀನ್ರಿ" ಎಂದೆ.

"ಈಗ ಬರೀರಿ, ನನ್ನ ಮುಂದ."

ಕಿಸೆಯಿಂದ ಪೆನ್ ತೆಗೆದೆ. ಔಷಧಿ ಚೀಟಿಯ ಹಿಂದೆ ಆ ಸೀಟ್ ನಂಬರನ್ನು ಬರೆದೆ, ಅದು ನನಗೆ ಮರೆತಿರಲಿಲ್ಲ. ಎದುರಿಗೆ ಸೀತಾಳ ಸಿಡುಬು ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿ ಅವರ ಕಣ್ಣಿಗೆ ಹಿಡಿದೆ. ಅವರು ಒಂದೊಂದೇ ಅಕ್ಷರ ಓದಿದರು. ನನ್ನ ಕೈ ಬಿಟ್ಟರು.

"ಆತು" ಎಂದರು. "ಮುಂದ?"

ನಾನು ಚೀಟಿಯನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡೆ. ಅವರು ನನ್ನ ಮುಖ ನೋಡುತ್ತಲೇ ಇದ್ದರು.